ಕೌಂಟರಿನಲ್ಲಿ ಹೇಳಬೇಕಾದದ್ದು

ಹೊನ್ನಾವರದ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿದ್ದ ಗುರುದತ್ತನ ಟ್ರಾವೆಲ್ಸ್ ಆಫೀಸಿನಲ್ಲಿ ಮಾಲತಿ ಆ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದಳು. ಹಿಂದುಗಡೆ ಏನೂ ಇರಲಿಲ್ಲ. ವಿಮಾನದ ಟಿಕೆಟ್ಟೆಂದರೆ ಪುಸ್ತಕದ ಹಾಗಿರುತ್ತದೆ ಎಂದುಕೊಂಡಿದ್ದವಳ ಕೈಗೆ ಬಂದದ್ದು ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಿದ್ದ ಒಂದು ಬಿಳಿ ಹಾಳೆ. ಕುಮಟೆಯ ಬಸ್ಸಿನ ಟಿಕೆಟ್ಟಿಗಾದರೂ ಒಂದು ಬಣ್ಣವಿರುತ್ತದೆ. ಮಂಗಳೂರಿನಿಂದ ಮಸ್ಕತ್ತಿಗೆ, ಬರುವ ಶನಿವಾರ, ಪ್ರಯಾಣಿಕರು ಒಬ್ಬರು, ವಯಸ್ಸು ಏಳು.

"ಈಗೆಲ್ಲ ಇದೇಯ ಅಕ್ಕೋರೆ, ಇ-ಟಿಕೆಟ್. ಕಳೆದು ಹೋದ್ರೂ ಹೆದರಿಕೆ ಇಲ್ಲ, ಇನ್ನೊಂದು ತೆಗೆದು ಕೊಡ್ತೆ" ಎಂದ ಗುರುದತ್ತ.

ಹಳದೀಪುರದ ಅಂಗನವಾಡಿಯಲ್ಲಿ ಹದಿಮೂರು ವರ್ಷದಿಂದ ಮಕ್ಕಳಿಗೆ ಅ ಆ ಇ ಈ ಹೇಳಿಸುತ್ತಿದ್ದ ಮಾಲತಿಯನ್ನು ಊರೆಲ್ಲ ಅಕ್ಕೋರೇ ಎನ್ನುತ್ತಿತ್ತು. ಕಲ್ಪನಾ ಒಬ್ಬಳು ಮಾತ್ರ ಆಯಿ, ಅಂದರೆ ಅಮ್ಮ, ಎನ್ನುತ್ತಿದ್ದಳು. ಅವಳನ್ನು ಹೆತ್ತವಳು ಮಾಲತಿಯ ಅಕ್ಕ ವಿನುತಾ. ಹೆತ್ತ ಒಂಬತ್ತನೇ ದಿನಕ್ಕೆ ಜ್ವರ ಬಂದು ತೀರಿಕೊಂಡಳು. ಅವಳ ಗಂಡ ಸಂಜಯ ಮಸ್ಕತ್ತಿಗೆ ಕೆಲಸಕ್ಕೆ ಹೋದ, ಹಸುಗೂಸು ಮಾಲತಿಯ ಮಡಿಲಿಗೆ ಬಂತು. ಮಾತು ಬಂದಾಗ ಅದು ಆಯಿ ಅಂದಿತು, ಯಾರೂ ತಿದ್ದಲಿಲ್ಲ. ಗೋಡೆಯ ಮೇಲಿದ್ದ ವಿನುತಾಳ ಫೋಟೋ ತೋರಿಸಿ ಇದು ಯಾರು ಎಂದು ಕೇಳಿದಾಗ ಮಾಲತಿ ದೊಡ್ಡಾಯಿ, ನನ್ನ ಅಕ್ಕ ಎಂದುಬಿಟ್ಟಳು. ಊರಿಗೆಲ್ಲ ಗೊತ್ತಿದ್ದದ್ದು ಮಗುವಿಗೊಂದು ಗೊತ್ತಿರಲಿಲ್ಲ. ಸ್ವಲ್ಪ ದೊಡ್ಡವಳಾಗಲಿ, ಹೇಳಿದರಾಯಿತು ಎಂದು ಮುಂದೂಡುತ್ತ ಬಂದಳು. ಅದಕ್ಕೆ ಅವಳನ್ನು ಬೈಯುವವರು ತಾವು ಯಾವುದನ್ನೂ ಮುಂದೂಡಿಲ್ಲವೇ ಎಂದು ಮೊದಲು ನೋಡಿಕೊಳ್ಳಲಿ.

ಎರಡು ವರ್ಷದ ಹಿಂದೆ ಸಂಜಯ ಮತ್ತೆ ಮದುವೆಯಾದ. ಅವನೇನು ಕೆಟ್ಟವನಲ್ಲ, ಪ್ರತಿ ಶುಕ್ರವಾರ ತಪ್ಪದೆ ಫೋನ್ ಮಾಡುತ್ತಿದ್ದ. ಈಗ ಮಗಳನ್ನು ಕರೆಸಿಕೊಳ್ಳುತ್ತೇನೆ ಎಂದ. ತನಗೆ ರಜೆ ಇಲ್ಲ, ಮಗು ಒಬ್ಬಳೇ ಬರಲಿ, ವಿಮಾನದವರೇ ಜೋಪಾನವಾಗಿ ಕರೆತಂದು ಒಪ್ಪಿಸುತ್ತಾರೆ ಎಂದ. ಹೆತ್ತ ತಂದೆ ಕರೆಯುವಾಗ ಬೇಡವೆನ್ನಲು ನೀನ್ಯಾರು ಎಂದು ಮಾಲತಿಯನ್ನು ಯಾರೂ ಕೇಳಲಿಲ್ಲ. ಗುರುದತ್ತ ಮುಂದಿಟ್ಟ ಫಾರಮ್ಮು ಕೇಳಿತು.

'ಮಗುವನ್ನು ಬಿಡಲು ಬರುವವರು' ಎಂಬಲ್ಲಿ ಅವಳು ತನ್ನ ಹೆಸರು ಬರೆದಳು. 'ಮಗುವಿಗೆ ಸಂಬಂಧ' ಎಂಬಲ್ಲಿ ಪೆನ್ನು ನಿಂತಿತು.

"ಚಿಕ್ಕಿ ಅಂತ ಹಾಕಿ, ತಾಯಿಯ ತಂಗಿ ಅಲ್ದಾ ನೀವು" ಎಂದ ಗುರುದತ್ತ. "ಪಾಸ್‌ಪೋರ್ಟಿನಲ್ಲಿ ತಾಯಿ ಹೆಸರು ವಿನುತಾ ಅಂತ ಇದೆ ನೋಡಿ. ಒಂಟಿ ಮಕ್ಕಳಾದ್ರೆ ಕೌಂಟರಿನೋರು ಮಕ್ಕಳ ಹತ್ರನೇ ಕೇಳ್ತಾರೆ, ನಿನ್ನ ಆಯಿ ಹೆಸರೆಂತ, ಇವರು ಯಾರು ಅಂತ. ಪಾಸ್‌ಪೋರ್ಟಿಗೆ ತಾಳೆ ಆಗ್ದೆ ಹೋದ್ರೆ ವಿಮಾನ ಹತ್ತಿಸೂದಿಲ್ಲ. ಚೆಂದ ಮಾಡಿ ಕಲಿಸಿ ಕರ್ಕೊಂಡು ಹೋಗಿ."

ಆಮೇಲೆ ಫೋನ್ ಎತ್ತಿಕೊಂಡು, "ಮಗು ಒಬ್ಬಳೇ ಹೋಗೂದು ಅಂತ ವಿಮಾನದೋರಿಗೆ ಕನ್ಫರ್ಮ್ ಮಾಡ್ಲಾ ಅಕ್ಕೋರೆ? ಇವತ್ತು ಹೇಳ್ದೆ ಇದ್ರೆ ಸೀಟು ಹೋತು" ಎಂದ.

ಬೇಡ ಎನ್ನಲು ಎರಡಕ್ಷರ ಸಾಕಿತ್ತು. ಮಾಲತಿಯ ಗಂಟಲಿನವರೆಗೂ ಅದು ಬಂದಿತ್ತು. "ಮಾಡಿ" ಎಂದಳು.

ಮನೆಗೆ ಬಂದವಳೇ ಕಲ್ಪನಾಳನ್ನು ಜಗಲಿಯಲ್ಲಿ ಎದುರು ಕೂರಿಸಿಕೊಂಡಳು. ನಿಜವನ್ನು ಹೇಳಿಬಿಡುವುದೆಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

"ಏರ್‌ಪೋರ್ಟಿನಲ್ಲಿ ನಿನ್ನ ಆಯಿ ಹೆಸರೆಂತ ಅಂತ ಕೇಳ್ತಾರೆ. ಎಂತ ಹೇಳ್ತೆ?"

"ಮಾಲತಿ."

"ಅಲ್ಲ ಕೂಸೆ. ವಿನುತಾ ಅನ್ನಬೇಕು."

"ಅದು ದೊಡ್ಡಾಯಿ ಹೆಸರಲ್ದಾ?" ಮಗು ಫೋಟೋದ ಕಡೆ ನೋಡಿತು. ಆಮೇಲೆ ಅದರ ಕಣ್ಣು ಹೊಳೆಯಿತು. "ಸುಳ್ಳು ಹೇಳೂದಾ ಆಯಿ?"

ಮಾಲತಿ ಬಾಯಿ ತೆರೆದಳು. ಏಳು ವರ್ಷ ನಾಲಿಗೆಯ ತುದಿಯಲ್ಲಿದ್ದ ಮಾತು ಅಲ್ಲಿಂದ ಕದಲಲಿಲ್ಲ.

"ಹೂಂ" ಎಂದಳು. "ಅಲ್ಲಿ ಮಾತ್ರ."

ಕಲ್ಪನಾಳಿಗೆ ಇದೊಂದು ಆಟವಾಯಿತು. ಮೂರು ಸಂಜೆ ಇದೇ ಪಾಠ. ಮಾಲತಿ ಅಂಗನವಾಡಿಯ ಕುರ್ಚಿ ತಂದು ಕೌಂಟರಿನವಳಾಗಿ ಕೂರುತ್ತಿದ್ದಳು. ಆಯಿಯ ಹೆಸರು? ವಿನುತಾ. ಎಲ್ಲಿದ್ದಾರೆ? ತೀರಿಕೊಂಡಿದ್ದಾರೆ. ಇವರು ಯಾರು? ಚಿಕ್ಕಿ. ಮೊದಮೊದಲು ಮಗು ಮಧ್ಯದಲ್ಲಿ ನಕ್ಕುಬಿಡುತ್ತಿತ್ತು. ನಗಬಾರದು ಎಂದು ಮಾಲತಿಯೇ ಗದರಿಸಿ ಮತ್ತೆ ಹೇಳಿಸಿದಳು. ಶುಕ್ರವಾರದ ಹೊತ್ತಿಗೆ ಒಂದು ಕಡೆಯೂ ತಡವರಿಸದಷ್ಟು ಕಲಿತಿತ್ತು. ಇಷ್ಟು ಬೇಗ ಯಾವ ಪದ್ಯವನ್ನೂ ಮಗು ಬಾಯಿಪಾಠ ಮಾಡಿರಲಿಲ್ಲ. ಆ ಸಂಜೆ ಮಾಲತಿ ಬಚ್ಚಲಿಗೆ ಹೋಗಿ, ಹಂಡೆಗೆ ನೀರು ಬಿಟ್ಟುಕೊಂಡು, ಆ ಸದ್ದಿನಲ್ಲಿ ಅತ್ತಳು.

ಶನಿವಾರ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಹೊರಟರು. ಪಾಸ್‌ಪೋರ್ಟು, ವೀಸಾದ ಪ್ರತಿ, ಟಿಕೆಟ್ಟು, ಸಂಜಯನ ಒಪ್ಪಿಗೆ ಪತ್ರ, ಎಲ್ಲವೂ ಮಾಲತಿಯ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಫೈಲಿನಲ್ಲಿತ್ತು. ಶರಾವತಿ ಸೇತುವೆ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಭಟ್ಕಳದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೇಳುತ್ತೇನೆ ಎಂದುಕೊಂಡಳು. ಅಲ್ಲಿ ಮಗು ಬನ್ ತಿನ್ನುತ್ತ, "ಅಲ್ಲಿ ಶಾಲೆಗೆ ರಜೆ ಬಿಟ್ಟಕೂಡ್ಲೇ ಬಂದ್ಬಿಡ್ತೆ, ಆತಾ ಆಯಿ?" ಎಂದಿತು. ತಿನ್ನುವ ಮಗುವಿನ ಮುಂದೆ ಹೇಗೆ ಹೇಳುವುದು? ಉಡುಪಿ ದಾಟಿತು. ಬಜಪೆಯ ಏರು ಬಂತು.

ಚೆಕ್-ಇನ್ ಕೌಂಟರಿನ ಹುಡುಗಿ ನೀಲಿ ಸೀರೆ ಉಟ್ಟಿದ್ದಳು. ಪಾಸ್‌ಪೋರ್ಟಿಗೂ ಟಿಕೆಟ್ಟಿಗೂ ಹೆಸರು ಹೋಲಿಸಿ, ಫಾರಮ್ಮಿನ ಮೂರು ಪ್ರತಿಗೂ ಮಾಲತಿಯ ಸಹಿ ಹಾಕಿಸಿಕೊಂಡಳು. ಆಮೇಲೆ ಕೌಂಟರಿನಾಚೆಯಿಂದ ಬಗ್ಗಿ, "ನಿನ್ನ ಅಮ್ಮನ ಹೆಸರೇನು ಪುಟ್ಟಿ?" ಎಂದಳು.

"ವಿನುತಾ."

"ಅಮ್ಮ ಎಲ್ಲಿದ್ದಾರೆ?"

"ತೀರಿಕೊಂಡಿದ್ದಾರೆ."

ಹುಡುಗಿಯ ಮುಖ ಸ್ವಲ್ಪ ಬಾಡಿತು. "ಇವರು?"

"ಚಿಕ್ಕಿ."

ಒಂದಕ್ಷರ ತಪ್ಪಿರಲಿಲ್ಲ. ಹುಡುಗಿ ಠಸ್ಸೆ ಒತ್ತಿ, ಕಾಗದಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಮಗುವಿನ ಕೊರಳಿಗೆ ತೂಗುಹಾಕಿದಳು. ಒಳಗೆ ಕರೆದೊಯ್ಯಲು ಇನ್ನೊಬ್ಬಳು ಬಂದು ನಿಂತಳು. ಇನ್ನು ಮುಂದಕ್ಕೆ ಮಾಲತಿಯನ್ನು ಬಿಡುತ್ತಿರಲಿಲ್ಲ.

ಕಲ್ಪನಾ ಅವಳ ಸೆರಗು ಜಗ್ಗಿ ಬಗ್ಗಿಸಿ, ಕಿವಿಯಲ್ಲಿ ಪಿಸುಗುಟ್ಟಿದಳು. "ಒಂದೂ ತಪ್ಪಲಿಲ್ಲ ಅಲ್ದಾ ಆಯಿ? ಸುಳ್ಳು ಅಂತ ಅವರಿಗೆ ಗೊತ್ತೇ ಆಗಲಿಲ್ಲ. ಅಪ್ಪನ ಮನೆಗೆ ಹೋದ ಮೇಲೆ ನಿಜ ಹೇಳೂದು ಅಲ್ದಾ?"

ಹೂಂ ಎಂದಿದ್ದರೆ ಮಗು ನಗುತ್ತ ಹೋಗುತ್ತಿತ್ತು. ಆ ನಿಜವನ್ನು ಅಲ್ಲಿ ಬೇರೆ ಯಾರೋ ಹೇಳುತ್ತಿದ್ದರು, ಸಂಜಯನೋ, ಅವನ ಹೆಂಡತಿಯೋ, ಒಂದು ದಿನ ಸಿಟ್ಟಿನಲ್ಲಿ. ಆಗ ಮಗುವಿನ ಜೊತೆ ತಾನಿರುವುದಿಲ್ಲ. ಮಾಲತಿ ನೆಲಕ್ಕೆ ಮಂಡಿಯೂರಿ ಕೂತು ಮಗುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಅದು ಸುಳ್ಳಲ್ಲ ಕೂಸೆ. ನೀನು ಅಲ್ಲಿ ಹೇಳಿದ್ದೇ ನಿಜ. ನಿನ್ನನ್ನ ಹೆತ್ತವಳು ವಿನುತಾ. ನಾನು ಸುಳ್ಳು ಹೇಳಿದ್ದೆ."

ಕಲ್ಪನಾ ನಗಲಿಲ್ಲ. ಅಳಲೂ ಇಲ್ಲ. ಲೆಕ್ಕ ತಪ್ಪಿದಾಗ ಸ್ಲೇಟನ್ನು ದಿಟ್ಟಿಸುವಂತೆ ಮಾಲತಿಯ ಮುಖವನ್ನೇ ದಿಟ್ಟಿಸಿದಳು.

"ಹಂಗಾರೆ ನೀನು?"

ಕರೆದೊಯ್ಯುವವಳು ಗಡಿಯಾರ ನೋಡಿಕೊಂಡು ಮಗುವಿನ ಕೈ ಹಿಡಿದಳು.

"ನಾನು ಚಿಕ್ಕಿ" ಎಂದಳು ಮಾಲತಿ.