ನುಂಗುವುದನ್ನು ಕಲಿಸುವವರು

ಮಗಳು ದಿವ್ಯಶ್ರೀ ಡಾಕ್ಟರಾಗುತ್ತಾಳೆ ಎಂದು ಸತೀಶ ಊರೆಲ್ಲ ಹೇಳಿಕೊಂಡುಬಿಟ್ಟಿದ್ದ. ಹೆಬ್ಬಾಲೆಯ ಅಕ್ಕಪಕ್ಕದ ಶುಂಠಿ ಹೊಲದವರಿಗೂ, ಕುಶಾಲನಗರದ ಗೊಬ್ಬರದ ಅಂಗಡಿಯವನಿಗೂ ಅದು ಗೊತ್ತಿತ್ತು. ಹಾಗಾಗಿ ನೀಟ್ ಪರೀಕ್ಷೆಯಲ್ಲಿ ಸೀಟು ಸಿಗುವಷ್ಟು ಅಂಕ ಬಾರದೆ ಹೋದಾಗ ದಿವ್ಯಶ್ರೀಗಿಂತ ಅವನೇ ಹೆಚ್ಚು ಕುಗ್ಗಿದ. ನರ್ಸಿಂಗ್ ಸೇರಿಸು ಎಂದರು ಕೆಲವರು, ಫಾರ್ಮಸಿ ಎಂದರು ಇನ್ನು ಕೆಲವರು. ಆಯುರ್ವೇದವಾದರೆ ಡಾಕ್ಟರ್ ಅನ್ನಿಸಿಕೊಳ್ಳಬಹುದಲ್ಲ ಎಂದ ಭಾವಮೈದ ಜವರಪ್ಪ. ಸತೀಶ ಯಾವುದಕ್ಕೂ ಒಪ್ಪಲಿಲ್ಲ.

“ಇನ್ನೊಂದ್ ವರ್ಷ ಕೋಚಿಂಗಿಗೆ ಹೋಗು ಮಗಾ, ಬಂದೇ ಬತ್ತದೆ,” ಎಂದ.

ಅದೇ ಸಮಯಕ್ಕೆ ಅವಳ ತಾತ, ಸತೀಶನ ಅಪ್ಪ ಸಣ್ಣಸ್ವಾಮಿಗೆ ಲಕ್ವ ಹೊಡೆಯಿತು. ಮಡಿಕೇರಿಯ ಆಸ್ಪತ್ರೆಯಲ್ಲಿ ಜೀವವೇನೋ ಉಳಿಯಿತು, ಆದರೆ ಮಾತು ನಿಂತುಹೋಯಿತು, ನುಂಗಲೂ ಆಗದಾಯಿತು. ಮೂಗಿನ ನಳಿಕೆಯಲ್ಲೇ ಗಂಜಿ ಬಿಡುತ್ತಿದ್ದರು.

ಒಂದು ಬೆಳಿಗ್ಗೆ ಸತೀಶ ಹಾಸಿಗೆಯ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದಾಗ ಅಪ್ಪನ ಕಣ್ಣು ಲೋಟದ ಮೇಲೇ ನೆಟ್ಟಿತ್ತು. ಸತೀಶನಿಗೆ ತಡೆಯಲಾಗಲಿಲ್ಲ. ಒಂದು ಗುಟುಕು ಬಾಯಿಗೆ ಬಿಟ್ಟ. ಮರುಗಳಿಗೆಯೇ ಮುದುಕ ಕೆಮ್ಮತೊಡಗಿದ, ಮುಖ ನೀಲಿಗಟ್ಟಿತು. ನರ್ಸುಗಳು ಓಡಿಬಂದು ಯಂತ್ರದಿಂದ ಹೀರಿ ತೆಗೆದು ಉಸಿರನ್ನು ದಾರಿಗೆ ತಂದರು.

ಮಧ್ಯಾಹ್ನ ಡಾಕ್ಟರು ಸುಮಿತಾ ಎಂಬುವರನ್ನು ಕಳಿಸಿದರು. ಶ್ರೀಮಂಗಲದ ಕಡೆಯವರು, ಮಾತು ಮತ್ತು ಶ್ರವಣದ ಚಿಕಿತ್ಸಕಿ. ಮಾತು ಕಲಿಸುವವರಿಗೂ ನುಂಗುವುದಕ್ಕೂ ಏನು ಸಂಬಂಧ ಎಂದುಕೊಂಡ ಸತೀಶ. ಕಾಫಿ ಕುಡಿಸಿದ್ದಕ್ಕೆ ಆಕೆ ಬೈಯಲಿಲ್ಲ; ಮಾತಿಗೂ ನುಂಗುವುದಕ್ಕೂ ಬೇಕಾದದ್ದು ಅದೇ ನಾಲಿಗೆ, ಅದೇ ಗಂಟಲು ಎಂದರು.

“ನೀರಾಗಿರೋದು ಬೇಗ ಜಾರಿ ಶ್ವಾಸಕೋಶಕ್ಕೆ ಹೋಗ್ತದೆ ಅಣ್ಣ. ಗಟ್ಟಿ ಇದ್ರೆ ನಿಧಾನ ಇಳೀತದೆ, ಇವರಿಗೆ ನುಂಗ್ಲಿಕ್ಕೆ ಪುರುಸೊತ್ತು ಸಿಗ್ತದೆ.”

ಅಂದಿನಿಂದ ಆಕೆ ದಿನವೂ ಬಂದು ನಾಲಿಗೆಗೆ, ಗಂಟಲಿಗೆ ವ್ಯಾಯಾಮ ಮಾಡಿಸಿದರು. ದಿವ್ಯಶ್ರೀ ಪಕ್ಕದಲ್ಲೇ ನಿಂತು ಕಲಿತು, ಅವರು ಹೋದ ಮೇಲೆ ತಾತನಿಂದ ಮತ್ತೆ ಮಾಡಿಸುತ್ತಿದ್ದಳು. ಕೊನೆಗೊಂದು ದಿನ ಸುಮಿತಾ ದಪ್ಪ ರಾಗಿ ಗಂಜಿಯ ಅರ್ಧ ಚಮಚ ಬಾಯಿಗಿಟ್ಟರು.

“ಗದ್ದ ಎದೆಗೆ ತಾಗಿಸಿ ತಾತ. ಹ್ಞಾ, ಈಗ ನುಂಗಿ.”

ಎಲ್ಲರೂ ಕೆಮ್ಮಿಗಾಗಿ ಕಾದರು. ಬರಲಿಲ್ಲ. ದಿವ್ಯಶ್ರೀಯ ಬೆರಳು ತಾತನ ಗಂಟಲ ಮೇಲಿತ್ತು. “ಇಳೀತು ಮೇಡಂ!” ಎಂದು ಕೂಗಿದಳು. ಸಣ್ಣಸ್ವಾಮಿಯ ಕಣ್ಣಲ್ಲಿ ನೀರಾಡಿತು. ಸತೀಶ ವರಾಂಡಕ್ಕೆ ಹೋಗಿ ಮುಖ ಒರೆಸಿಕೊಂಡು ಬಂದ. ಆಗ ಮಗಳು ಕೇಳುತ್ತಿದ್ದಳು, “ನೀವು ಓದಿದ್ದು ಏನು ಮೇಡಂ?”

“ಬಿ.ಎ.ಎಸ್.ಎಲ್.ಪಿ. ಅಂತ, ಮಾತು ಮತ್ತೆ ಕಿವಿಯ ಓದು. ಮೈಸೂರಲ್ಲಿ ನಾಲ್ಕು ವರ್ಷ.”

“ಮೆಡಿಕಲ್ ಸಿಗದಿದ್ದಕ್ಕೋ?” ಎಂದುಬಿಟ್ಟ ಸತೀಶ.

ಸುಮಿತಾ ನಕ್ಕರು. “ಇಲ್ಲ ಅಣ್ಣ, ಇದೇ ಬೇಕೂಂತ ಹೋದದ್ದು. ನನ್ನ ತಮ್ಮನಿಗೆ ಕಿವಿ ಕೇಳ್ತಿರ್ಲಿಲ್ಲ.”

ತಾತ ಬಾಯಲ್ಲೇ ಗಂಜಿ ನುಂಗುವಷ್ಟಾದ ಮೇಲೆ, ಊರಿಗೆ ಮರಳುವಾಗ ಬಸ್ಸಿನಲ್ಲಿ ದಿವ್ಯಶ್ರೀ ಹೇಳಿದಳು, “ಅಪ್ಪ, ನಾನೂ ಇದನ್ನೇ ಓದ್ತೀನಿ. ಊರೋರಿಗೆ ಏನ್ ಹೇಳೋದು ಅಂತ ನಿಮ್ಗೆ ಕಷ್ಟ ಆಗ್ಬೋದು.”

ಅದು ಅವನಿಗೆ ಚುಚ್ಚಿತು. “ಊರೋರ್ದು ನಂಗ್ ಬುಡು. ನೀನ್ ಓದು,” ಎಂದ.

ಅವಳು ಪ್ರವೇಶ ಪರೀಕ್ಷೆ ಬರೆದು ಮೈಸೂರು ಸೇರಿದಳು. ಎರಡನೆಯ ವರ್ಷದ ರಜೆಯಲ್ಲಿ ಊರಿಗೆ ಬಂದಾಗ ಪಕ್ಕದ ಮನೆಯ ಚೈತನ್ಯ ತನ್ನ ಮಗು ಮಿಲನ್‌ನನ್ನು ಎತ್ತಿಕೊಂಡು ಬಂದಳು. ಎರಡು ವರ್ಷ ತುಂಬಿದ್ದರೂ ಅವನು ಇನ್ನೂ ಒಂದು ಮಾತೂ ಆಡುತ್ತಿರಲಿಲ್ಲ. ಹಟಮಾರಿ, ಅದಕ್ಕೇ ಮಾತಾಡುವುದಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ದಿವ್ಯಶ್ರೀ ನೆಲದ ಮೇಲೆ ಕೂತು ಅವನೊಂದಿಗೆ ಆಡಿದಳು. ನಡುವೆ ಅವನ ಹಿಂದಿನಿಂದ ತಟ್ಟೆಗೆ ಚಮಚ ಬಡಿದಳು. ಮಗು ತಿರುಗಲಿಲ್ಲ.

“ಹಟ ಅಲ್ಲ ಅಕ್ಕ. ನಾನಿನ್ನೂ ಕಲೀತಿದ್ದೀನಿ, ಏನು ಅಂತ ನಾನೇ ಹೇಳೋ ಹಾಗಿಲ್ಲ. ಆದ್ರೆ ಕಿವಿ ಪರೀಕ್ಷೆ ತಡ ಮಾಡ್ಬೇಡಿ. ನಾನೇ ಜೊತೆಗೆ ಬರ್ತೀನಿ.”

ಬಾಗಿಲಲ್ಲಿ ನಿಂತಿದ್ದ ಸತೀಶನಿಗೆ, ತನ್ನ ಕೈಯಲ್ಲಿ ಬೆಳೆದ ಹುಡುಗಿಯ ಎದುರು ಮೊದಲ ಬಾರಿಗೆ ಗೌರವದಿಂದ ತಲೆಬಾಗಬೇಕು ಅನ್ನಿಸಿತು.

ಪರೀಕ್ಷೆಯಲ್ಲಿ ಕಿವಿ ಕೇಳುವುದಿಲ್ಲವೆಂದು ಗೊತ್ತಾಗಿ, ಶ್ರವಣಯಂತ್ರ ಹಾಕಿದ ಮೇಲೆ ಮಿಲನ್ ಮೊಟ್ಟಮೊದಲು ತಿರುಗಿ ನೋಡಿದ್ದು ಬೀದಿನಾಯಿ ಬೊಗಳಿದ ಕಡೆಗಂತೆ. ಸತೀಶ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ.