ಕಾರಿನ ಬಾಯಿ ಮೂಸಿದ್ದು

"ಬಾಯಿ ತೆಗಿಯಲೇ ಸೂಳೆಮಗನ! ಆ ಅನ್ನು!"

ಪಾಲಪ್ಪ ಆ ಅಂದ. ಅಬಕಾರಿ ಇನ್ಸ್‌ಪೆಕ್ಟರ್ ಕಿರಣ್ ಕುಮಾರ್ ಅವನ ಬಾಯಿಗೆ ಮೂಗು ಒಡ್ಡಿ ಮೂಸಿ, ತಟ್ಟನೆ ಹಿಂದೆ ಸರಿದ.

"ಕುಡಿದೀ?"

"ಇಲ್ರಿ ಸಾಹೇಬ್ರ. ರೊಟ್ಟಿ, ಉಳ್ಳಾಗಡ್ಡಿ ತಿಂದೀನಿ."

ಕಂಪ್ಲಿಯ ಹೊರಗೆ ಕಬ್ಬು ಕಡಿಯುವವರ ಇಪ್ಪತ್ತು ಗುಡಿಸಲುಗಳ ಓಣಿ ಅದು. ಹೊತ್ತು ಏರುವ ಮೊದಲೇ ಜೀಪು ಬಂದು ನಿಂತಿತ್ತು. ಪಾಲಪ್ಪನ ಹೆಂಡತಿ ಜಂಬವ್ವ ಹಿತ್ತಲಲ್ಲಿ ಹೂತಿಟ್ಟಿದ್ದ, ಸಾರಾಯಿಗೆಂದು ಕೊಳೆಹಾಕಿದ ಬೆಲ್ಲದ ಐದು ಕೊಡಗಳನ್ನು ಪೇದೆಗಳು ಅಗೆದು ತೆಗೆದು, ನಾಲ್ಕನ್ನು ಒಡೆದು, ಒಂದನ್ನು ಸಾಕ್ಷಿಗೆಂದು ಜೀಪಿಗೆ ಏರಿಸಿದ್ದರು.

ಜಂಬವ್ವ ಕಳ್ಳಬಟ್ಟಿ ಕಾಯಿಸುತ್ತಿದ್ದುದು ನಿಜ. ಎರಡು ವರ್ಷದ ಹಿಂದೆ ಗುಡ್ಡಪ್ಪ ಗೌಡ ಕಬ್ಬಿನಿಂದ ಸ್ಪಿರಿಟ್ ತೆಗೆಯುವ ಫ್ಯಾಕ್ಟರಿ ಹಾಕಿದ. ಕಾರುಗಳ ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್. ಅದರ ಕರಿನೀರು ಓಣಿಯ ಪಕ್ಕದ ಕಾಲುವೆಗೆ ಬಂತು. ಬೋರಿನ ನೀರು ಚಹಾದ ಬಣ್ಣಕ್ಕೆ ತಿರುಗಿತು. ಆ ನೀರಿನ ಕೆಸರಲ್ಲಿ ನಿಂತು ಕಬ್ಬು ಕಡಿದ ಜಂಬವ್ವನ ಕಾಲುಗಳು ಮೊಣಕಾಲ ತನಕ ಒಡೆದು ಕೀವಾದವು. ಗದ್ದೆಗೆ ಇಳಿಯಲಾರದೆ ಅವಳು ಬಟ್ಟಿಯ ಮುಂದೆ ಕೂತಳು. ಕೂತಲ್ಲೇ ಕೂತಿರಲಿಲ್ಲ. ಕಳೆದ ವಾರ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಕರಿನೀರಿನ ಪೈಪಿಗೆ ಕಲ್ಲು, ಹರಕು ಚೀಲ, ಹಳೇ ಚಪ್ಪಲಿ ಎಲ್ಲ ತುರುಕಿ ಬಂದಳು. ಗೌಡನ ಫ್ಯಾಕ್ಟರಿಯ ಅಂಗಳದಲ್ಲಿ ಎರಡು ದಿನ ಮೊಣಕಾಲು ಮಟ್ಟ ನಿಂತಿತು ಅದೇ ನೀರು.

ಜೀಪು ಬಂದದ್ದು ಅದಕ್ಕೆ. ಜೀಪಿನ ಹಿಂದೆ ಸಪ್ಪಳವಿಲ್ಲದೆ ಗೌಡನ ಬಿಳಿ ಕಾರು ಬಂತು. ಕಾರು ನೋಡಲು ಹತ್ತಿರ ಬಂದ ಪಾಲಪ್ಪನಿಗೆ, ಕೆಳಗಿಳಿದ ಗೌಡ ಗದರಿದ.

"ಏ, ದೂರ ನಿಂದ್ರಲೇ! ಕೈ ಹಚ್ಚಬ್ಯಾಡ." ಆಮೇಲೆ ಇನ್ಸ್‌ಪೆಕ್ಟರಿನ ಕಡೆ ತಿರುಗಿದ. "ಹೈಬ್ರಿಡ್ ಐತ್ರಿ ಸಾಹೇಬ್ರ. ಬ್ಯಾಟ್ರಿನೂ ಐತಿ, ಎಂಜಿನ್ನೂ ಐತಿ. ಹೊಗಿ ಇಲ್ಲ. ದೇಶಕ್ಕ ಭಾಳ ಚಲೋ."

"ಹೈಬ್ರಿಡ್ ಜ್ವಾಳ ಬಿತ್ತಿದ್ವಿ ಒಂದ್ಸಲ," ಪಾಲಪ್ಪ ಪಕ್ಕದವರಿಗೆ ಹೇಳಿದ. "ತೆನಿ ಏನೋ ದೊಡ್ಡದು. ರೊಟ್ಟಿ ಬಾಯಾಗ ಇಡಾಕ ಆಗಲಿಲ್ಲ."

ಓಣಿ ನಕ್ಕಿತು. ಗೌಡನ ಮುಖ ಕೆಂಪಾಯಿತು. "ನಗ್ರಿ, ಹಲ್ಕಟ್ ಮಂದಿ! ಸಾಹೇಬ್ರ, ಈ ಜಂಬವ್ವನ್ನ ಒಳಗ ಹಾಕ್ರಿ. ಓಣಿ ಸ್ವಚ್ಛ ಆಕ್ಕತಿ."

ಹೇಳಬೇಕಾದ್ದನ್ನು ಹೇಳಿ ಕಾರು ಹತ್ತಿದ. ಕಾರು ಹತ್ತು ಮಾರು ಹೋಗಿ, ಎರಡು ಸಲ ಕೆಮ್ಮಿ, ಕಾಲುವೆಯ ಪಕ್ಕದ ಕೆಸರಲ್ಲಿ ನಿಂತಿತು. ಡ್ರೈವರ್ ಹಂಪಯ್ಯ ಏನೇನೋ ಒತ್ತಿದ.

"ಎಂಜಿನ್ ಹತ್ತವಲ್ದು ಗೌಡ್ರ. ಬ್ಯಾಟ್ರಿನೂ ಮುಗೀತು."

ಗೌಡ ಕಿಟಕಿಯಿಂದ ತಲೆ ಹೊರಹಾಕಿದ. "ಏನ್ ನೋಡ್ತೀರಿ? ಬಂದು ನೂಕ್ರಲೇ!"

"ಈಗ ಮುಟ್ಟಬೌದೇನ್ರಿ?" ಪಾಲಪ್ಪ ಕೇಳಿದ. ಕೇಳಿದ್ದು ಎಷ್ಟು ವಿನಯದಿಂದ ಎಂದರೆ ಗೌಡನಿಗೆ ಬೈಯಲು ಜಾಗವೇ ಸಿಗಲಿಲ್ಲ.

ಎಂಟು ಜನ ನೂಕಿದರು. ಕಾರು ಸತ್ತ ಎಮ್ಮೆಯಂತೆ ಬಿದ್ದಿತ್ತು. ಬ್ಯಾಟರಿಯ ಭಾರ ಎಂದ ಹಂಪಯ್ಯ. ಗೌಡ ಕೆಳಗಿಳಿಯಲೇಬೇಕಾಯಿತು. ಅವನ ಬಿಳಿ ಬೂಟು ಅವನದೇ ಕರಿನೀರಿನಲ್ಲಿ ಮುಳುಗಿತು.

ಹಂಪಯ್ಯ ಬಾನೆಟ್ ಎತ್ತಿ ಒಂದು ರಬ್ಬರ್ ಪೈಪು ಕಿತ್ತ. ಅದು ನೀರಲ್ಲಿ ನೆನೆದ ಬ್ರೆಡ್ಡಿನಂತೆ ಉಬ್ಬಿತ್ತು. ಒಳಗಿದ್ದದ್ದನ್ನು ಬಾಟಲಿಗೆ ಹಿಡಿದ. ವಾಸನೆ ಓಣಿಯ ತುಂಬ ಹರಡಿತು. ಇಪ್ಪತ್ತು ಗುಡಿಸಲಲ್ಲಿ ಆ ವಾಸನೆ ಗೊತ್ತಿಲ್ಲದವರು ಯಾರೂ ಇರಲಿಲ್ಲ.

"ಬೋಸುಡಿ ಮಗನ, ಏನ್ ಹಾಕೀಯಲೇ ನನ್ ಕಾರಿಗೆ?" ಎಂದು ಗೌಡ ಹಂಪಯ್ಯನ ಕೆನ್ನೆಗೆ ಬಾರಿಸಿದ.

ಹಂಪಯ್ಯ ಕೆನ್ನೆ ಸವರಿಕೊಂಡ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ನೀವ ಹೇಳಿದ್ರಲ್ರಿ. ಬಂಕಿಗೆ ಯಾಕ ಹೋಗ್ತಿ, ಫ್ಯಾಕ್ಟ್ರಿ ಸ್ಪಿರಿಟ್ನ ಸುರುವು ಅಂತ. ಬರೇ ಸ್ಪಿರಿಟ್ಗೆ ಈ ಎಂಜಿನ್ ನಡಿಯಂಗಿಲ್ಲ ಅಂದೆ. ನಿನ್ನ ಶಾಣ್ಯಾತನ ಬ್ಯಾಡ ಅಂದ್ರಿ. ಡಿಕ್ಕ್ಯಾಗ ಇನ್ನೂ ಎರಡು ಕ್ಯಾನ್ ಅದಾವು."

ಆಗ ಜಂಬವ್ವ ಕುಂಟುತ್ತ ಬಂದಳು. ಕಾರಿನ ಪಕ್ಕದಲ್ಲಿದ್ದ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುವಿ ತೆಗೆದಳು.

"ಸಾಹೇಬ್ರ, ಬರ್ರಿ. ಇದರ ಬಾಯೂ ಮೂಸ್ರಿ."

"ಹುಚ್ಚು ಹಿಡಿದೈತೇನ್ ನಿನಗ?"

"ನನ್ ಗಂಡಂದು ಮೂಸಿದ್ರಿ. ಇದರದು ಯಾಕ ಬ್ಯಾಡ?"

"ಮೂಸ್ರಿ ಸಾಹೇಬ್ರ!" ಎಂದಿತು ಓಣಿ. ನೆರೆಮನೆಯ ಹೇಮಾವತಿ ಮೊಬೈಲು ಎತ್ತಿ ಹಿಡಿದಿದ್ದಳು. ಕಿರಣ್ ಕುಮಾರ್ ಅದನ್ನು ನೋಡಿದ, ಬಗ್ಗಿದ, ಮೂಗು ಒಡ್ಡಿ ಮೂಸಿದ. ಕಣ್ಣಲ್ಲಿ ನೀರು ಬಂತು.

"ಕುಡಿದೈತೇನ್ರಿ?" ಪಾಲಪ್ಪ ಕೇಳಿದ.

ಪೇದೆಗಳೂ ನಕ್ಕುಬಿಟ್ಟರು. ಕಿರಣ್ ಕುಮಾರ್ ಸೆಟೆದು ನಿಂತ. "ಅದು ಬ್ಯಾರೆ ಐಟಮ್ಮು. ಫ್ಯಾಕ್ಟ್ರಿದು. ಪರ್ಮಿಟ್ ಇರ್ತತಿ."

"ತೋರ್ಸಲಿ ಹಂಗಾರ," ಎಂದಳು ಜಂಬವ್ವ.

"ಮನ್ಯಾಗ ಐತಿ," ಗೌಡ ಎಂದ.

"ನಂದೂ ಮನ್ಯಾಗ ಇತ್ತ್ರಿ," ಜಂಬವ್ವ ಎಂದಳು. "ನೀವು ಅಗದು ತೆಗಿಸಿದ್ರಿ. ಅದೂ ಕಬ್ಬಿಂದು, ಇದೂ ಕಬ್ಬಿಂದು. ಕಡಿದಾಕಿ ನಾನ. ಬರೀರಿ ಸಾಹೇಬ್ರ, ಇಬ್ಬರ ಹೆಸರೂ ಬರೀರಿ. ನಾ ಇಲ್ಲ ಅನ್ನಂಗಿಲ್ಲ."

ಕಿರಣ್ ಕುಮಾರ್ ಪೆನ್ನು ತೆಗೆದ. ಗೌಡನನ್ನು ನೋಡಿದ. ಮೊಬೈಲನ್ನು ನೋಡಿದ. ಪೆನ್ನು ಜೇಬಿಗೆ ಹೋಗಲೂ ಇಲ್ಲ, ಹಾಳೆಗೆ ಇಳಿಯಲೂ ಇಲ್ಲ.

ಯಾರೂ ಹೇಳದಿದ್ದರೂ ಹಂಪಯ್ಯ ಡಿಕ್ಕಿ ತೆರೆದ. ಎರಡು ಕ್ಯಾನುಗಳನ್ನು ಹೊತ್ತು ತಂದು ಜೀಪಿನಲ್ಲಿ, ಜಂಬವ್ವನ ಕೊಡದ ಪಕ್ಕ ಇಟ್ಟು, ಗೌಡನಿಂದ ದೂರ, ಓಣಿಯವರ ನಡುವೆ ಹೋಗಿ ನಿಂತ.

ಜಂಬವ್ವ ಯಾರ ಕೈಯನ್ನೂ ಹಿಡಿಯದೆ ಜೀಪು ಹತ್ತಿದಳು. ಕೀವಿನ ಕಾಲುಗಳನ್ನು ಒಂದೊಂದಾಗಿ ಎತ್ತಿಟ್ಟುಕೊಂಡು ಕೂತಳು. ಆಮೇಲೆ ಒಂದಿಷ್ಟು ಸರಿದು, ಪಕ್ಕದ ಸೀಟನ್ನು ಸೆರಗಿನಿಂದ ಒರೆಸಿದಳು.

"ಬರ್ರಿ ಗೌಡ್ರ," ಎಂದಳು. "ಜಾಗ ಐತಿ. ಕುಂದ್ರಿ."