ಜಹನಾರಾ ಟೀಚರ ಹಿಂದಿನ ಸೀಟು

ಜಹನಾರಾ ಟೀಚರು ಕಾರುಗಳನ್ನು ಬಹುವಚನದಲ್ಲಿಯೂ, ಕಾರು ಮಾರುವವರನ್ನು ಏಕವಚನದಲ್ಲಿಯೂ ಮಾತನಾಡಿಸುತ್ತಿದ್ದರು. ಇದರಲ್ಲಿ ಅಹಂಕಾರವೇನೂ ಇರಲಿಲ್ಲ. ಶಿವಾಜಿನಗರದ ಸರ್ಕಾರಿ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರಿಗೆ ಆ ಭಾಗದ ಹಳೆ ಕಾರಿನ ದಲ್ಲಾಳಿಗಳಲ್ಲಿ ಅರ್ಧಕ್ಕರ್ಧ ಜನ ಕೊನೆಯ ಬೆಂಚಿನ ಶಿಷ್ಯರಾಗಿದ್ದರು. ಅವರನ್ನು ‘ನೀವು’ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಕಾರುಗಳಾದರೋ ಅವರ ತರಗತಿಯಲ್ಲಿ ಕೂತು ಹೋದವಲ್ಲ; ಅಪರಿಚಿತರು, ಬಹುಪಾಲು ವಯಸ್ಸಾದವರು, ಆದ್ದರಿಂದ ಮರ್ಯಾದೆಗೆ ಅರ್ಹರು.

ಐದಡಿ ಮುಟ್ಟದ ದೇಹ, ಸೀರೆಯ ಮೇಲೆ ವೈಶಾಖದ ಬಿಸಿಲಿನಲ್ಲೂ ಕಳಚದ, ತೀರಿಕೊಂಡ ಗಂಡ ಹಸನ್ ಅವರ ಕಂದು ಬಣ್ಣದ ಉಣ್ಣೆಯ ಕೋಟು; ಅದರ ಎಡಜೇಬಿನಲ್ಲಿ ಏಲಕ್ಕಿ, ಬಲಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ಅಯಸ್ಕಾಂತ. ನಡೆಯುವಾಗ ಬಲಭುಜವನ್ನು ಮುಂದೆ ಚಾಚಿ, ಕಣ್ಣಿಗೆ ಕಾಣದ ಭಾರವೊಂದನ್ನು ತಳ್ಳುತ್ತಿರುವವರಂತೆ ನಡೆಯುತ್ತಿದ್ದರು. ಆ ನಡಿಗೆಗೆ ಒಂದು ಚರಿತ್ರೆಯಿತ್ತು. ಮದುವೆಯಾದ ವರ್ಷವೇ ಹಸನ್ ಯಾರದೋ ಸಿಹಿಮಾತಿಗೆ ಮರುಳಾಗಿ ಕೊಂಡ ಕಾರೊಂದನ್ನು ಟೀಚರು ಫ್ರೇಜರ್ ಟೌನಿನ ಎಲ್ಲ ಏರುಗಳಲ್ಲೂ ಏಳು ವರ್ಷ ತಳ್ಳಿದ್ದರು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಯಾರಾದರೂ ಕೇಳಿದರೆ, “ಗಾಡಿಗಳ ಪರಿಚಯ ನನಗೆ ಹಿಂದಿನಿಂದ” ಎಂದು ಸಂಕೋಚವಿಲ್ಲದೆ ಹೇಳುತ್ತಿದ್ದರು.

ಸುಕನ್ಯ ಅವರ ಬಳಿಗೆ ಬಂದದ್ದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಜನವರಿಯಲ್ಲಿ. ಹೊರಮಾವಿನಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದ ಮುನಿರಾಜಪ್ಪನವರ ಮಗಳು. ವಾಸ್ತುಶಿಲ್ಪದ ಕಾಲೇಜಿನಲ್ಲಿ ಕೊನೆಯ ವರ್ಷ. ಅವಳು ರಟ್ಟಿನಲ್ಲಿ, ತೆಳು ಮರದಲ್ಲಿ ರಾತ್ರಿ ಹಗಲು ಕೂತು ಕಟ್ಟಿದ ಮಾದರಿ ಕಟ್ಟಡಗಳು ಕಾಲೇಜು ತಲುಪುವ ಮೊದಲೇ ಸಿಟಿ ಬಸ್ಸಿನಲ್ಲಿ ಪುಡಿಯಾಗುತ್ತಿದ್ದವು. ಗ್ರಂಥಾಲಯದ ಮೇಲೆ ಒಬ್ಬರು ಟಿಫಿನ್ ಕ್ಯಾರಿಯರ್ ಇಟ್ಟರು. ಸಮುದಾಯ ಭವನದ ಮೇಲೆ ಹಲಸಿನ ಹಣ್ಣು ಹಿಡಿದಿದ್ದ ಹೆಂಗಸೊಬ್ಬರು ಬ್ರೇಕ್ ಹಾಕಿದಾಗ ಹಣ್ಣಿನ ಸಮೇತ ಕೂತರು. ಮೇ ತಿಂಗಳಲ್ಲಿ ಅಂತಿಮ ಪರೀಕ್ಷೆ. ಆಗಲೂ ಮಾದರಿ ಮುರಿದರೆ ಇನ್ನೊಂದು ವರ್ಷ ಅಲ್ಲೇ ಕೊಳೆಯಬೇಕು. ಆ ಮಾದರಿಯೋ, ಕೆ.ಆರ್. ಪುರಕ್ಕೊಂದು ಆದರ್ಶ ಬಸ್ ನಿಲ್ದಾಣ. ಅದನ್ನು ಬಸ್ಸಿನಲ್ಲಿ ಒಯ್ಯುವ ಧೈರ್ಯ ಅದನ್ನು ಕಟ್ಟಿದವಳಿಗೇ ಇರಲಿಲ್ಲ.

“ಹೊಸ ಕಾರು ಮದುವೆಗೆ ಕೊಡಿಸ್ತೀನಿ, ಅಲ್ಲೀಗಂಟ ತಡ್ಕೊ,” ಎಂದಿದ್ದರು ಮುನಿರಾಜಪ್ಪ. ಕಾರಿಗಾಗಿ ಗಂಡನನ್ನು ಕಟ್ಟಿಕೊಳ್ಳಲು ಸುಕನ್ಯ ಸಿದ್ಧಳಿರಲಿಲ್ಲ. ನಕ್ಷೆ ಬರೆದುಕೊಟ್ಟು ತಾನೇ ಕೂಡಿಟ್ಟದ್ದರಲ್ಲಿ ಹಳೆಯದೊಂದು ಬಂದೀತು, ಆದರೆ ದಾರಿಯಲ್ಲಿ ಕೈಕೊಡಬಾರದು. ಸಹಪಾಠಿ ಫಹ್ಮಿದಾ, “ನಮ್ಮ ಖಾಲಾನ ಕರ್ಕೊಂಡು ಹೋಗು. ಅವರು ಹೂಂ ಅಂದ್ರೆ ಕಣ್ಮುಚ್ಚಿ ತಗೊ,” ಎಂದು ತನ್ನ ತಾಯಿಯ ಸೋದರಿ ಜಹನಾರಾ ಟೀಚರ ಮನೆಯ ಬಾಗಿಲು ತೋರಿಸಿದಳು.

ಮೊದಲ ಭಾನುವಾರ ಹಲಸೂರು. ಜಗನ್ ಎಂಬ ದಲ್ಲಾಳಿಯ ಶೆಡ್ಡಿನಲ್ಲಿ, ತಗಡಿನ ನೆರಳಿನಲ್ಲಿ, ದಾಳಿಂಬೆಯಂತೆ ಹೊಳೆಯುವ ಕೆಂಪು ಕಾರೊಂದು ನಿಂತಿತ್ತು. ಸುಕನ್ಯಳ ಮನಸ್ಸು ಅಲ್ಲೇ ಜಾರಿತು. ಟೀಚರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ರೋಗಿಯ ಹಣೆ ಮುಟ್ಟುವಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

“ಜಗನ್, ಇವರಿಗೆ ಜ್ವರ ಇದೆಯಲ್ಲೋ.”

“ಬಿಸಿಲು, ಟೀಚರ್.”

“ನೆರಳಲ್ಲಿ ನಿಂತಿದ್ದಾರೆ.”

ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಹಟ ಮಾಡುವ ಗಾಡಿಯನ್ನು, ಗಿರಾಕಿ ಬರುವ ಮೊದಲೇ ಓಡಿಸಿ ಬಿಸಿ ಮಾಡಿಡುವುದು ಆ ಕಸುಬಿನ ಹಳೆಯ ವಿದ್ಯೆ. ಟೀಚರು ಅಯಸ್ಕಾಂತವನ್ನು ತೆಗೆದು ಬಾಗಿಲಿಗೆ ಹಚ್ಚಿದರು. ಅದು ಹಿಡಿಯಲೊಲ್ಲದೆ ಟಣ್ಣನೆ ನೆಲಕ್ಕೆ ಬಿತ್ತು; ಬಣ್ಣದ ಕೆಳಗಿದ್ದದ್ದು ತಗಡಲ್ಲ, ಅಪಘಾತದ ಗುರುತು ಮುಚ್ಚಲು ಮೆತ್ತಿದ ಲಾಂಬಿ ಎಂಬ ಪುಟ್ಟಿ. “ಏಳನೇ ಕ್ಲಾಸಲ್ಲೂ ನೀನು ಹೀಗೇ, ಉತ್ತರ ಮೊದಲು ಬರೆದು ಲೆಕ್ಕ ಆಮೇಲೆ ಮಾಡ್ತಿದ್ದೆ,” ಎಂದು ಟೀಚರು ಅಯಸ್ಕಾಂತವನ್ನು ಒರೆಸಿಕೊಂಡು ಹೊರಟರು. ನಲವತ್ತು ದಾಟಿದ ಜಗನ್ ಎರಡೂ ಕೈ ಹಿಂದೆ ಕಟ್ಟಿ ನಿಂತಿದ್ದ.

ಹೀಗೆಯೇ ಹನ್ನೊಂದು ಭಾನುವಾರಗಳು ಕಳೆದವು. ಕಲ್ಯಾಣ ನಗರದ ಒಂದು ಗಾಡಿ ಓಡಿದ್ದು ಹದಿನೈದೇ ಸಾವಿರ ಕಿಲೋಮೀಟರು ಎಂದು ಮೀಟರು ಹೇಳುತ್ತಿತ್ತು. ಆದರೆ ಬ್ರೇಕಿನ ಪೆಡಲಿನ ರಬ್ಬರು ಅಜ್ಜನ ಚಪ್ಪಲಿಯಂತೆ ಸವೆದಿತ್ತು. ಇಂದಿರಾನಗರದ ನಿವೃತ್ತ ಅಧಿಕಾರಿಯೊಬ್ಬರ ಕಾರು ನಿಜಕ್ಕೂ ನಿರ್ದೋಷಿ. ಆದರೆ ಅವರು ಅದನ್ನು ಹೇಗೆ ತೊಳೆಯಬೇಕು, ಯಾವ ಮರದ ಕೆಳಗೆ ನಿಲ್ಲಿಸಬಾರದು ಎಂದು ಒಂದು ಹಾಳೆಯ ತುಂಬ ಟೈಪು ಮಾಡಿಸಿಟ್ಟಿದ್ದರು. “ಇವರು ಒಳ್ಳೆಯವರೇ. ಆದ್ರೆ ಆತ ದಿನಾ ಫೋನ್ ಮಾಡ್ತಾನೆ, ಬೇಟಿ,” ಎಂದು ಟೀಚರು ಅದನ್ನೂ ಬಿಟ್ಟರು.

ಅಂದು ಸುಕನ್ಯಳ ಸಹನೆಯ ಕಟ್ಟೆ ಒಡೆಯಿತು. “ನನಗೆ ಬೇಕಾಗಿರೋದು ಕಾರು ಟೀಚರ್, ಗಂಡು ಅಲ್ಲ,” ಎಂದುಬಿಟ್ಟಳು.

ಟೀಚರು ಕೋಟಿನ ಗುಂಡಿ ಹಾಕಿಕೊಂಡರು. “ಗಂಡು ನೋಡೋಕೆ ನಿಮ್ಮಪ್ಪ ಇದ್ದಾರೆ. ಕಾರು ನೋಡೋಕೆ ಯಾರಿದ್ದಾರೆ?” ಎಂದು ಹೇಳಿ, ಭುಜ ಮುಂದೆ ಮಾಡಿಕೊಂಡು ಒಬ್ಬರೇ ನಡೆದು ಹೋದರು.

ಮುಂದಿನ ಭಾನುವಾರ ಸುಕನ್ಯ ಯಾರಿಗೂ ತಿಳಿಸದೆ ಹಲಸೂರಿಗೆ ಹೋದಳು. ಕೆಂಪು ಕಾರು ಇನ್ನೂ ಇತ್ತು. “ಬಾಮ್ಮ, ಇವತ್ತು ಟೀಚರಿಲ್ಲ, ಅಣ್ಣ ತಂಗಿ ತರ ಮಾತಾಡೋಣ,” ಎಂದು ಜಗನ್ ಕಾಫಿ ತರಿಸಿದ. ಅವಳು ಕೊಳ್ಳುವ ನಿಶ್ಚಯ ಮಾಡಿಯೇ ಬಂದಿದ್ದಳು. ಆದರೆ ಕಾಫಿಯ ಲೋಟ ಬಾಯಿಗೆ ಹೋಗುವ ಮೊದಲು ಅವಳ ಎಡಗೈ, ಯಾರ ಅಪ್ಪಣೆಯನ್ನೂ ಕೇಳದೆ, ಬಾನೆಟ್ಟಿನ ಮೇಲೆ ಕೂತಿತ್ತು. ಬಿಸಿ. ಲೋಟ ಇಟ್ಟು, ನೇರ ಫ್ರೇಜರ್ ಟೌನಿಗೆ ಹೋಗಿ ಬಾಗಿಲು ತಟ್ಟಿದಳು. ಟೀಚರು ಒಂದು ಏಲಕ್ಕಿ ಕೊಟ್ಟು, “ಕೆ.ಆರ್. ಪುರದಲ್ಲಿ ಒಬ್ಬರು ಇದ್ದಾರಂತೆ, ನೋಡಿ ಬರೋಣ,” ಎಂದರು.

ಕೆ.ಆರ್. ಪುರದ ಹಂಪಣ್ಣ ಮದುವೆಗಳಿಗೆ ಹೂವಿನ ಅಲಂಕಾರ ಮಾಡುವವನು. ಅವನ ಹದಿನೆಂಟು ವರ್ಷದ ಫಿಯಟ್ಟಿಗೆ ಬಾಡಿದ ಸೀಬೆಹಣ್ಣಿನ ಬಣ್ಣ, ಒಳಗೆಲ್ಲ ಸುಗಂಧರಾಜದ ವಾಸನೆ, ಕಿಟಕಿಯ ಸಂದಿಗಳಲ್ಲಿ ಇನ್ನೂ ಬಿಡಿಸದ ಹೂವಿನ ದಾರ. “ಹನ್ನೆರಡು ವರ್ಷ ಬರೀ ಹೆಣ್ಣು ಗಂಡನ್ನ ಹೊತ್ತೈತೆ ತಾಯಿ. ಮುಂದೆ ಬ್ಯಾಂಡಿನೋರು ನಡೀತಿದ್ರು, ಇದು ಹಿಂದೆ. ಜೋರಾಗಿ ಓಡೋಕೆ ಅವಕಾಶನೇ ಸಿಕ್ಕಿಲ್ಲ,” ಎಂದ ಹಂಪಣ್ಣ. ಈಗಿನ ಮದುಮಕ್ಕಳಿಗೆ ಉದ್ದನೆಯ ಕಾರೇ ಬೇಕಂತೆ. ಟೀಚರು ಬಾನೆಟ್ ಮುಟ್ಟಿದರು: ತಣ್ಣಗಿತ್ತು. ಅಯಸ್ಕಾಂತ ಗಟ್ಟಿಯಾಗಿ ಕಚ್ಚಿತು. ಸ್ಟಿಯರಿಂಗ್ ಎಡಗಡೆ ತಿರುಗಿಸಿದಾಗ ಮಾತ್ರ ಕೆಳಗೆಲ್ಲೋ ಕಿರ್ ಎಂಬ ಸದ್ದು. ಕೇಳುವ ಮೊದಲೇ ಹಂಪಣ್ಣ, ಕೆಳಗೊಂದು ರಬ್ಬರು ಸವೆದಿದೆಯೆಂದು ತಾನೇ ಹೇಳಿದ. ಟೀಚರು ಹಿಂದಿನ ಸೀಟಿನಲ್ಲಿ ಕೂತು, “ಹಲಸೂರು ಕೆರೆ ತನಕ ಓಡಿಸು, ಬೇಟಿ,” ಎಂದು ಕಣ್ಣು ಮುಚ್ಚಿದರು.

ಟಿನ್ ಫ್ಯಾಕ್ಟರಿ ದಾಟುವಾಗ ಹಿಂದಿನಿಂದ ಸಣ್ಣ ಗೊರಕೆ ಕೇಳಿಸಿತು. ಹನ್ನೊಂದು ಭಾನುವಾರ ಹತ್ತಿದ ಗಾಡಿಗಳಲ್ಲೆಲ್ಲ ನೆಟ್ಟಗೆ ಕೂತು ಪ್ರತಿಯೊಂದು ಅದುರಾಟವನ್ನೂ ಆಲಿಸಿದ್ದ ಹೆಂಗಸು, ಮದುಮಕ್ಕಳು ಕೂತು ಮೆತ್ತಗಾದ ಸೀಟಿನಲ್ಲಿ ಕೋಟಿನ ಕಾಲರಿಗೆ ಗಲ್ಲವೂರಿ ಮಲಗಿಬಿಟ್ಟಿದ್ದರು. ಎಬ್ಬಿಸಲು ಸುಕನ್ಯಳಿಗಾಗಲಿ, ಪಕ್ಕದಲ್ಲಿ ಕೂತಿದ್ದ ಹಂಪಣ್ಣನಿಗಾಗಲಿ ಧೈರ್ಯ ಬರಲಿಲ್ಲ. ಹಲಸೂರು ಕೆರೆಯನ್ನು ಒಂದು ಸುತ್ತು ಹಾಕಿದರು, ಎರಡು ಸುತ್ತು ಹಾಕಿದರು. “ಇನ್ನೊಂದು ಸುತ್ತು ಹೋಗಮ್ಮ, ಪಾಪ,” ಎಂದು ಹಂಪಣ್ಣ ಪಿಸುಗುಟ್ಟಿದ. ನಾಲ್ಕನೆಯ ಸುತ್ತಿನಲ್ಲಿ ಟೀಚರು ಎದ್ದು, “ನಾನು ಮಲಗಿರಲಿಲ್ಲ. ಪರೀಕ್ಷೆ ಮಾಡ್ತಿದ್ದೆ,” ಎಂದು ಸೆರಗು ಸರಿಮಾಡಿಕೊಂಡರು.

“ಪಾಸಾ ಟೀಚರ್?”

“ಕೆಡದೇ ಇರೋ ಗಾಡಿ ದುನಿಯಾದಲ್ಲಿ ಇಲ್ಲ. ಇವರು ಕೆಡೋಕೆ ಮೊದಲು ಹೇಳ್ತಾರೆ. ಅಷ್ಟು ಸಾಕು. ತಗೊ.”

ಹಾಗೆಯೇ ಆಯಿತು. ಪರೀಕ್ಷೆಗೆ ನಾಲ್ಕು ದಿನ ಮುಂಚೆ ಫಿಯಟ್ಟು ಸಣ್ಣಗೆ ಕಿರುಗುಟ್ಟಲು ಶುರುಮಾಡಿತು. ಸುಕನ್ಯ ಅಂದೇ ಹೋಗಿ ಸವೆದ ಫ್ಯಾನ್ ಬೆಲ್ಟು ಬದಲಿಸಿದಳು. ಆದರ್ಶ ಬಸ್ ನಿಲ್ದಾಣ ಒಂದು ಕಂಬವೂ ಅಲುಗದೆ, ಸುಗಂಧರಾಜದ ಪರಿಮಳದೊಡನೆ ಕಾಲೇಜು ತಲುಪಿತು. ಪರೀಕ್ಷಕರು ಮೆಟ್ಟಿಲುಗಳ ಬಗ್ಗೆ ಅರ್ಧ ಗಂಟೆ ಜಗಳವಾಡಿ, ಕೊನೆಗೆ ತೇರ್ಗಡೆ ಮಾಡಿದರು.

ಮೈಸೂರು ಪಾಕಿನ ಡಬ್ಬ ಹಿಡಿದು ಸುಕನ್ಯ ಫ್ರೇಜರ್ ಟೌನಿಗೆ ಹೋದಾಗ ಟೀಚರು ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ನರ್ಸಿಂಗ್ ಓದುವ ಮಾರಿಯಾ ಎಂಬ ಹುಡುಗಿ ಪಕ್ಕದಲ್ಲಿ ಕಾದಿದ್ದಳು. ಮಹದೇವಪುರದಲ್ಲಿ ಯಾವುದೋ ಗಾಡಿ ನೋಡಬೇಕಂತೆ. ಟೀಚರು ಒಂದು ತುಂಡು ಬಾಯಿಗೆ ಹಾಕಿಕೊಂಡು, “ಒಳ್ಳೇದಾಯ್ತು,” ಎಂದಷ್ಟೇ ಹೇಳಿ ಇಳಿದು ಹೋದರು. ತಾವು ಆರಿಸಿದ ಕಾರು ಬೀದಿಯಲ್ಲಿ ನಿಂತಿದ್ದರೂ ತಿರುಗಿ ನೋಡಲಿಲ್ಲ. ಸುಕನ್ಯಳಿಗೆ ಕೊಂಚ ನೋವಾಯಿತು. ಆಮೇಲೆ ನಗು ಬಂತು.

ಊರೂರಿನ ಬೀದಿಗಳಲ್ಲಿ ಇಂಥವರು ಒಬ್ಬಿಬ್ಬರು ಇರುತ್ತಾರೆ. ಒಮ್ಮೆ ಮೋಸಹೋದ ಬಳಿಕ ಲೋಕವನ್ನೇ ಶಪಿಸುತ್ತ ಕೂರುವವರು ಬಹಳ. ತಮಗಾದದ್ದು ಇನ್ನೊಬ್ಬರಿಗೆ ಆಗದಿರಲೆಂದು ಬಿಸಿಲಿನಲ್ಲಿ ಹೊರಡುವವರು ವಿರಳ. ಅವರಿಗೆ ಕಮಿಷನ್ ಬೇಡ, ಕೃತಜ್ಞತೆಯೂ ಒಂದು ತುಂಡಿಗಿಂತ ಹೆಚ್ಚು ಬೇಡ. ಅನುಮಾನ ಪಡುವ ಶ್ರಮವನ್ನೆಲ್ಲ ನಮ್ಮ ಪರವಾಗಿ ಅವರೇ ಪಟ್ಟಿರುತ್ತಾರೆ. ಆದ್ದರಿಂದಲೇ ನಾವು ಕೀಲಿ ತಿರುಗಿಸುವಾಗ ದೇವರನ್ನು ನೆನೆಯದೆಯೂ ಹೊರಡಬಲ್ಲೆವು.